ಹುರುಳಿ ಹೊಟ್ಟು, ಹಿಮದ ಹಾದಿ

ನಮ್ಮ ಅರಸೀಕೆರೆ ಕಡೆ ಚಳಿಗಾಲ ಬಂತೆಂದು ಮೊದಲು ಸುದ್ದಿ ಕೊಡುವುದು ಕೊಬ್ಬರಿ ಎಣ್ಣೆಯ ಬಾಟಲಿ. ಬೆಳಿಗ್ಗೆ ತಲೆಗೆ ಹಚ್ಚೋಣವೆಂದು ಬಗ್ಗಿಸಿದರೆ ಒಂದು ತೊಟ್ಟೂ ಬೀಳದು. ಬೆಳ್ಳಗೆ, ಗಟ್ಟಿಯಾಗಿ, ಮುನಿಸಿಕೊಂಡವರಂತೆ ಕುಳಿತಿರುತ್ತದೆ. ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಲು ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಸಾಕು. ಅಷ್ಟಕ್ಕೇ ನಾವು ಪೆಟ್ಟಿಗೆಯಿಂದ ಸ್ವೆಟರ್ ತೆಗೆಯುತ್ತೇವೆ, ಯಜಮಾನರು ಮಫ್ಲರ್ ಸುತ್ತುತ್ತಾರೆ, ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳು ಬಿಸಿಲು ಬಿದ್ದ ಕಡೆಗೇ ಸರಿಯುತ್ತವೆ. ಹದಿನೈದು ಡಿಗ್ರಿಗೆ ಇಳಿದರಂತೂ ‘ಈ ಸಲ ಚಳಿ ಕೊಂದುಹಾಕ್ತು ಕಣ್ರೀ’ ಎಂದು ಬೀದಿಯೆಲ್ಲ ಮಾತು. ಇಂಥ ಊರಿನ ಮನೆಗೆ ಬಂದ ಸೊಸೆ, ಮೈನಸ್ 20 ಡಿಗ್ರಿಯ ಜಾಗಕ್ಕೆ, ಅದೂ ಮೋಟಾರ್ ಸೈಕಲ್ ಮೇಲೆ ಹೋಗುತ್ತೇನೆ ಅಂದರೆ ಮನೆಯವರ ಮುಖ ಹೇಗಾಗಿರಬೇಕು, ನೀವೇ ಊಹಿಸಿ.

ಇದು 2023ರ ಸಂಕ್ರಾಂತಿಯ ಮಾತು. ಮಗ, ಸೊಸೆ ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿದ್ದರು. ಎಳ್ಳು ಬೀರಿ ಬಂದು, ಕಬ್ಬಿನ ಸಿಪ್ಪೆ ಎಳೆಯುತ್ತ ಕುಳಿತಾಗ ಅವಳು ವಿಷಯ ತೆಗೆದಳು. ಫೆಬ್ರವರಿಯಲ್ಲಿ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಆರು ಜನ ಹೊರಟಿದ್ದಾರೆ. ಇಬ್ಬರು ಹೆಂಗಸರು, ನಾಲ್ವರು ಗಂಡಸರು. ಆ ಇಬ್ಬರಲ್ಲಿ ಇವಳೊಬ್ಬಳು. ನಮ್ಮ ಮನೆಯವರು ಪೇಪರ್ ಕೆಳಗಿಟ್ಟರು. ಹಬ್ಬಕ್ಕೆ ಬಂದಿದ್ದ ನಮ್ಮ ದೊಡ್ಡಕ್ಕ ‘ಗಂಡ?’ ಎಂದು ಒಂದೇ ಮಾತು ಕೇಳಿದಳು. ಗಂಡನಿಗೆ, ಅಂದರೆ ನನ್ನ ಮಗನಿಗೆ, ಶಿರಾಡಿ ಘಾಟಿಯಲ್ಲಿ ಕಾರಿನ ಮುಂದಿನ ಸೀಟಿನಲ್ಲಿ ಕೂತರೂ ಹೊಟ್ಟೆ ತೊಳಸುತ್ತದೆ. ಅವನು ಮನೆಯಲ್ಲೇ ಇರುತ್ತಾನಂತೆ. ದೊಡ್ಡಕ್ಕ ನನ್ನ ಮುಖ ನೋಡಿದಳು. ಆ ನೋಟದ ಅರ್ಥ ಅತ್ತೆಯಾದವರಿಗೆಲ್ಲ ಗೊತ್ತು: ನಾಳೆ ಆ ಹುಡುಗಿಗೆ ಏನಾದರೂ ಹೆಚ್ಚುಕಡಿಮೆ ಆದರೆ ಬೀಗರಿಗೆ ಉತ್ತರ ಹೇಳಬೇಕಾದವಳು ನೀನು.

‘ಅತ್ತೆ, ನೀವು ಬೇಡ ಅಂದ್ರೆ ಹೋಗಲ್ಲ. ಆದ್ರೆ ಬೇಡ ಅನ್ನೋಕೆ ಮುಂಚೆ ಒಂದ್ಸಲ ಪೂರ್ತಿ ಕೇಳಿಸ್ಕೊಳ್ಳಿ’ ಅಂದಳು ಸೊಸೆ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ‘ಪ್ರಶ್ನೆ ಪೂರ್ತಿ ಓದಿ ಉತ್ತರ ಬರೀರಿ’ ಎಂದು ಹೇಳಿಕೊಂಡು ಬಂದವಳಿಗೆ ಇದಕ್ಕೆ ಎದುರಾಡುವುದು ಕಷ್ಟ.

ನಾನು ಪಾಠ ಮಾಡುವುದು ಸಮಾಜ ವಿಜ್ಞಾನ. ಹಿಮಾಲಯವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಎಳೆದಿದ್ದೇನೋ ಲೆಕ್ಕವಿಲ್ಲ. ಸ್ಪಿತಿ ‘ಶೀತ ಮರುಭೂಮಿ’ ಎಂದು ಬಾಯಿಪಾಠ ಮಾಡಿಸಿದ್ದೇನೆ: ಮುಂಗಾರಿನ ಮೋಡಗಳನ್ನು ದಕ್ಷಿಣದ ಪರ್ವತಗಳು ತಡೆದುಬಿಡುತ್ತವೆ, ಮಳೆ ಬಹಳ ಕಡಿಮೆ, ಬರುವ ನೀರಿನ ಹೆಚ್ಚಿನ ಪಾಲು ಹಿಮವಾಗಿಯೇ ಬರುತ್ತದೆ. ಈಗ ಆ ಭೂಪಟದ ಮೇಲೆ ನಮ್ಮ ಮನೆಯ ಹುಡುಗಿಯ ಬೆರಳು ಓಡಾಡಿತು. ಮನಾಲಿಯ ಕಡೆಯಿಂದ ಹೋಗುವ ದಾರಿ 4,551 ಮೀಟರ್ ಎತ್ತರದ ಕುಂಜುಮ್ ಕಣಿವೆದಾರಿಯನ್ನು ದಾಟಬೇಕು. ಚಳಿಗಾಲದಲ್ಲಿ ಅದು ಹಿಮದಲ್ಲಿ ಮುಚ್ಚಿಹೋಗುತ್ತದೆ. ಉಳಿಯುವುದು ಶಿಮ್ಲಾದಿಂದ ಕಿನ್ನೌರ್ ಮೇಲೆ ಹೋಗುವ ದಾರಿ: ಸಟ್ಲೆಜ್ ನದಿಯ ದಂಡೆ ಹಿಡಿದು ರಾಂಪುರ, ರೆಕಾಂಗ್ ಪಿಯೋ, ಖಾಬ್ ಎಂಬಲ್ಲಿ ಸ್ಪಿತಿ ನದಿ ಬಂದು ಸೇರುತ್ತದೆ, ಅಲ್ಲಿಂದ ನಾಕೋ, ತಾಬೋ, ಕಡೆಗೆ ಕಾಜಾ. ಒಟ್ಟು ಸುಮಾರು 420 ಕಿಲೋಮೀಟರ್. ಕಾಜಾದ ಪೆಟ್ರೋಲ್ ಬಂಕೇ 3,740 ಮೀಟರ್ ಎತ್ತರದಲ್ಲಿದೆ. ಕಾಜಾದಿಂದ ಮೇಲಿನ ಹಳ್ಳಿಗಳಾದ ಲಾಂಗ್ಜಾ, ಹಿಕ್ಕಿಮ್, ಕೋಮಿಕ್‌ಗೆ ಹಿಮ ಮುಚ್ಚಿದ ಕಾಲುದಾರಿಯಂಥ ಹಾದಿ. ಅವಳಿಗೆ ಬೇಕಾಗಿದ್ದುದು ಆ ಹಾದಿ.

‘ಚಳಿ ಎಷ್ಟಿದ್ರೂ ನಿಂತವರಿಗೆ ಒಂದು ಲೆಕ್ಕ, ಗಾಡಿ ಮೇಲಿರೋರಿಗೆ ಇನ್ನೊಂದು ಲೆಕ್ಕ’ ಎಂದು ಅವಳು ವಿವರಿಸಿದಳು. ಬೀಸುವ ಗಾಳಿ ಮೈಗೆ ಅಂಟಿದ ಬಿಸಿಯನ್ನು ಹೊತ್ತೊಯ್ಯುತ್ತದೆ. ಬೈಕಿನ ವೇಗವೂ ಗಾಳಿಯೇ. ಅಮೆರಿಕ, ಕೆನಡಾದ ಹವಾಮಾನ ಇಲಾಖೆಗಳು 2001ರಿಂದ ಬಳಸುವ ಲೆಕ್ಕದ ಪ್ರಕಾರ, ಮೈನಸ್ 10 ಡಿಗ್ರಿಯ ಚಳಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ತಾಗಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 21ರ ಚಳಿ. ಮೈ ಬುದ್ಧಿವಂತ ಮನೆಯೊಡತಿಯ ಹಾಗೆ. ಇರುವ ಬಿಸಿಯನ್ನು ಮೊದಲು ಹೃದಯ, ಮಿದುಳಿಗೆ ಕೊಡುತ್ತದೆ. ಬೆರಳುಗಳಿಗೆ ಹೋಗುವ ರಕ್ತವನ್ನು ಕಡಿಮೆ ಮಾಡಿಬಿಡುತ್ತದೆ. ಆದ್ದರಿಂದ ಕೈಬೆರಳು, ಕಾಲ್ಬೆರಳು, ಮೂಗು, ಕಿವಿಗಳೇ ಮೊದಲು ಸಾಯುವುದು. ಬೈಕಿನ ಬ್ರೇಕು, ಕ್ಲಚ್ಚುಗಳಿರುವುದೂ ಆ ಬೆರಳುಗಳ ಕೈಯಲ್ಲೇ.

ಆಮೇಲೆ ಅವಳು ತನ್ನ ಬಟ್ಟೆಯ ಗಂಟು ಬಿಚ್ಚಿದಳು. ನಾನು ಅದುವರೆಗೆ ಈ ವಿಷಯವನ್ನೆಲ್ಲ ಹುಡುಗರ ಹುಚ್ಚುಸಾಹಸದ ಸಾಲಿಗೆ ಸೇರಿಸಿ ನೋಡುತ್ತಿದ್ದೆ. ಆ ಗಂಟು ನೋಡಿದಾಗ ನನಗೆ ಬಾಣಂತಿಯ ಕೋಣೆ ನೆನಪಾಯಿತು. ಮೈಗೆ ಅಂಟುವ ತೆಳು ಒಳಬಟ್ಟೆ, ಅದರ ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತೂರದ ಜಾಕೆಟ್. ಹತ್ತಿಬಟ್ಟೆ ಕೂಡದು, ಅದು ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ, ಒದ್ದೆಬಟ್ಟೆ ಚಳಿಯಲ್ಲಿ ಮೈಗೆ ಹಗೆ. ‘ಅಲ್ಲಿ ಬೆವರೋದೇ ಅಪಾಯ ಅತ್ತೆ. ಸೆಖೆ ಆಗೋಕೆ ಮುಂಚೆ ಒಂದು ಪದರ ತೆಗೀಬೇಕು, ಚಳಿ ಆಗೋಕೆ ಮುಂಚೆ ಹಾಕ್ಬೇಕು.’ ಕಾಲುಚೀಲ ಎರಡೆರಡು ಜೊತೆ ಬಿಗಿಯಾಗಿ ತುರುಕಿದರೆ ರಕ್ತ ಓಡುವುದಿಲ್ಲ, ಸಡಿಲವಾಗಿರಬೇಕು. ಉಣ್ಣೆಯ ಕೈಗವಸು, ಅದು ಒದ್ದೆಯಾಗದಿರಲೆಂದು ಮೇಲೊಂದು ರಬ್ಬರಿನದು. ಅದು ಪಾತ್ರೆ ತೊಳೆಯುವಾಗ ಹಾಕುವಂಥದ್ದೇ ಗವಸು! ಎದೆಯ ಮೇಲೆ ಜಾಕೆಟ್ಟಿನೊಳಗೆ ಮಡಿಸಿಡಲು ಹಳೆಯ ನ್ಯೂಸ್ ಪೇಪರ್. ಇವಿಷ್ಟನ್ನು ಯೋಚಿಸಿ ಜೋಡಿಸಿದವಳು ಸಾಯುವುದಕ್ಕೆ ಹೊರಟವಳಲ್ಲ ಎಂದು ನನಗನ್ನಿಸಿತು.

ಆದರೂ ಜಾರುವ ಹಾದಿಯ ಭಯ ಹೋಗಲಿಲ್ಲ. ಅದನ್ನು ತುಸು ತಗ್ಗಿಸಿದ್ದು ನಮ್ಮ ಹುರುಳಿ.

ಸಂಕ್ರಾಂತಿಯ ಹೊತ್ತಿಗೆ ನಮ್ಮ ಕಡೆಯ ಹಳ್ಳಿ ರಸ್ತೆಗಳನ್ನು ನೀವು ನೋಡಿರಬಹುದು. ಕಣ ಮಾಡುವ ಕಷ್ಟ ಯಾರಿಗೆ ಬೇಕೆಂದು ರೈತರು ಹುರುಳಿ, ರಾಗಿಯ ತೆನೆಯನ್ನೆಲ್ಲ ಡಾಂಬರು ರಸ್ತೆಯ ಮೇಲೆ ಹರಡಿಬಿಡುತ್ತಾರೆ. ಬಸ್ಸು, ಲಾರಿಗಳ ಚಕ್ರವೇ ಒಕ್ಕಣೆ. ಮೇಲೆ ಮೊಣಕಾಲುದ್ದ ಸೊಪ್ಪು, ಅಡಿಯಲ್ಲಿ ಉದುರಿದ ಕಾಳು. ಎರಡು ಚಕ್ರದ ಗಾಡಿಗೆ ಅದು ಎಣ್ಣೆ ಚೆಲ್ಲಿದ ನೆಲ. ನಾನು ಹದಿನೆಂಟು ವರ್ಷ ಪಕ್ಕದ ಹಳ್ಳಿಯ ಶಾಲೆಗೆ ಟಿವಿಎಸ್ ಮೊಪೆಡ್ಡಿನಲ್ಲಿ ಇದೇ ರಸ್ತೆಯ ಮೇಲೆ ಹೋಗಿಬಂದವಳು. ಹಬ್ಬದ ಮಾರನೆಯ ದಿನ ಸೊಸೆಯನ್ನು ಹಿಂದೆ ಕೂರಿಸಿಕೊಂಡು ಆ ಹುರುಳಿಯ ಮೇಲೆ ಹೋದೆ. ದೂರದಿಂದಲೇ ವೇಗ ಇಳಿಸಿದೆ. ಸೊಪ್ಪಿನ ಮೇಲೆ ಹತ್ತಿದ ಮೇಲೆ ಬ್ರೇಕ್ ಮುಟ್ಟಲಿಲ್ಲ, ಹ್ಯಾಂಡಲ್ ತಿರುಗಿಸಲಿಲ್ಲ, ಆಕ್ಸಿಲರೇಟರ್ ಒಂದೇ ಸಮ ಹಿಡಿದೆ, ಎರಡು ಕಾಲನ್ನೂ ನೆಲಕ್ಕೆ ತಾಗಿತೋ ಇಲ್ಲವೋ ಎನ್ನುವಂತೆ ಇಳಿಬಿಟ್ಟೆ. ಗಾಡಿ ಆ ಕಡೆ ಈ ಕಡೆ ತೂಗಾಡಿತು, ತೂಗಾಡಲು ಬಿಟ್ಟೆ. ದಾಟಿದ ಮೇಲೆ ಹಿಂದಿನಿಂದ ಅವಳು ಹೆಗಲು ತಟ್ಟಿದಳು. ‘ಅತ್ತೆ, ನಮಗೆ ಎರಡು ದಿನ ಹೇಳ್ಕೊಟ್ಟಿದ್ದು ಇದನ್ನೇ!’

ಬೆಂಗಳೂರಿನ ಹೊರಗೆ ಕೆಮ್ಮಣ್ಣು, ಕೆಸರಿನ ಮೈದಾನದಲ್ಲಿ ಅವಳು ದಾರಿಯಿಲ್ಲದ ಕಡೆ ಗಾಡಿ ಓಡಿಸುವುದನ್ನು ದುಡ್ಡು ಕೊಟ್ಟು ಕಲಿತಿದ್ದಳು. ಹಿಮದಲ್ಲೂ ನಿಯಮ ಅದೇ: ಮುಂದಿನ ಬ್ರೇಕ್ ಹಿಡಿದರೆ ಮುಂದಿನ ಚಕ್ರ ಜಾರಿ ಬೀಳುವುದು ಖಂಡಿತ, ಚಕ್ರದ ಬುಡ ನೋಡದೆ ಹೋಗಬೇಕಾದ ಕಡೆ ದೃಷ್ಟಿ ಇಡಬೇಕು, ಗಾಡಿಯ ಜೊತೆ ಕುಸ್ತಿ ಮಾಡಬಾರದು. ಮೆತ್ತನೆಯ ಹಿಮವಿದ್ದರೆ ಟೈರಿನ ಗಾಳಿ ಸ್ವಲ್ಪ ಇಳಿಸುತ್ತಾರೆ, ಟೈರು ಅಗಲವಾಗಿ ಕುಳಿತು ಹಿಡಿತ ಸಿಗುತ್ತದೆ. ಗಟ್ಟಿ ಮಂಜುಗಡ್ಡೆಗೆ ಸರಪಳಿ ಕಟ್ಟುತ್ತಾರೆ, ಇಲ್ಲವೇ ಉಕ್ಕಿನ ಮೊಳೆಗಳಿರುವ ಟೈರು ಹಾಕುತ್ತಾರೆ.

ಆ ರಾತ್ರಿ ಅವಳು ಇನ್ನೊಂದು ಕಥೆ ಹೇಳಿದಳು. ಜಪಾನಿನ ಶಿಂಜಿ ಕಜಾಮ ಎಂಬಾತ 1987ರಲ್ಲಿ ಮೋಟಾರ್ ಸೈಕಲ್ ಮೇಲೆ ಉತ್ತರ ಧ್ರುವ ಮುಟ್ಟಿದ; 1992ರಲ್ಲಿ ದಕ್ಷಿಣ ಧ್ರುವವನ್ನೂ. 2021ರ ಡಿಸೆಂಬರಿನಲ್ಲಿ ಸಂತೋಷ್ ವಿಜಯ್ ಕುಮಾರ್ ಮತ್ತು ಡೀನ್ ಕಾಕ್ಸನ್ ಎಂಬಿಬ್ಬರು ನಮ್ಮ ದೇಶದಲ್ಲೇ ತಯಾರಾದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕಿನಲ್ಲಿ ದಕ್ಷಿಣ ಧ್ರುವಕ್ಕೆ ಹೋದರು. ಬೈಕಿಗೆ ಮೊಳೆಟೈರು, ಮೈಗೆ ವಿದ್ಯುತ್ತಿನಿಂದ ಬಿಸಿಯಾಗುವ ಉಡುಪು. ಆ ಉಡುಪಿಗೆ ಸಾಲುವಷ್ಟು ವಿದ್ಯುತ್ ಹುಟ್ಟಲೆಂದು ಬೈಕಿನ ಆಲ್ಟರ್ನೇಟರನ್ನೇ ಬದಲಿಸಿದ್ದರು. ಕಥೆ ಕೇಳುತ್ತ ನಮ್ಮ ಮನೆಯವರು ‘ಅವರ ಹಿಂದೆ ಕಂಪನಿ ಇತ್ತು. ನಿನ್ನ ಹಿಂದೆ ಯಾರಿದ್ದಾರಮ್ಮ?’ ಎಂದು ಕೇಳಿದರು. ಅವಳು ನನ್ನ ಕಡೆ ನೋಡಿದಳು. ನಾನು ‘ಹೋಗಿ ಬಾ’ ಅಂದೆ. ಬೀಗಿತ್ತಿಗೆ ಫೋನ್ ಮಾಡಿ ಹೇಳುವ ಕೆಲಸವೂ ನನ್ನದೇ ಆಯಿತು. ಆಕೆ ಫೋನಿನಲ್ಲಿ ಅತ್ತರು. ಆಮೇಲೆ ‘ನೀವು ಒಪ್ಪಿದ್ದೀರಲ್ಲ, ನಿಮ್ಮ ಮೇಲೆ ಬಿಟ್ಟಿದೀನಿ’ ಅಂದರು. ಆ ಮಾತು ನನ್ನ ಹೆಗಲ ಮೇಲೆ ಕಲ್ಲಿನ ಹಾಗೆ ಕೂತಿತು.

ಫೆಬ್ರವರಿಯ ಆ ಹತ್ತು ದಿನ ನನಗೆ ಹೇಗೆ ಕಳೆಯಿತೆಂದು ವಿವರಿಸುವುದಿಲ್ಲ. ದಿನಾ ರಾತ್ರಿ ಫೋನ್ ಬರುತ್ತಿತ್ತು, ನಾಕೋ ದಾಟಿದ ಮೇಲೆ ಅದೂ ನಿಂತಿತು. ಭೂಪಟದಲ್ಲಿ ಆ ಜಾಗ ನನ್ನ ಉಗುರಿನಷ್ಟು. ಮೂರು ದಿನ ಆ ಉಗುರಿನಷ್ಟು ಜಾಗದಲ್ಲಿ ಎಲ್ಲಿದ್ದಾಳೋ ತಿಳಿಯಲಿಲ್ಲ. ನೆಟ್‌ವರ್ಕ್ ಇರುವುದಿಲ್ಲವೆಂದು ಮೊದಲೇ ಹೇಳಿದ್ದಳು. ಹೇಳಿದ್ದು ಬುದ್ಧಿಗೆ ಗೊತ್ತು, ಹೊಟ್ಟೆಗೆ ಗೊತ್ತಾಗಬೇಕಲ್ಲ. ಬೀಗಿತ್ತಿ ದಿನಕ್ಕೆರಡು ಸಲ ಫೋನ್ ಮಾಡಿ, ಏನೂ ಕೇಳದೆ, ‘ಊಟ ಆಯ್ತಾ?’ ಎಂದು ಇಟ್ಟುಬಿಡುತ್ತಿದ್ದರು.

ನಾಲ್ಕನೆಯ ದಿನ ಕಾಜಾದಿಂದ ಅವಳ ದನಿ ಕೇಳಿತು. ಒಂದೊಂದೇ ಸುದ್ದಿ ಹೇಳಿದಳು. ತಾಬೋದಲ್ಲಿ 996ರಲ್ಲಿ ಕಟ್ಟಿದ ಬೌದ್ಧ ವಿಹಾರ, ಹೊರಗೆ ಮಣ್ಣಿನ ಗೋಡೆ, ಒಳಗೆ ಬಣ್ಣದ ಚಿತ್ರಗಳು. ಅಲ್ಲಿ ಚಳಿಗಾಲದಲ್ಲಿ ಮನೆಮಂದಿಯೆಲ್ಲ ಒಂದೇ ಕೋಣೆಗೆ ಸೇರಿಬಿಡುತ್ತಾರೆ. ನಡುವೆ ತಗಡಿನ ಒಲೆ, ಅದಕ್ಕೆ ತಂದೂರ್ ಅನ್ನುತ್ತಾರೆ, ಅದರ ಮೇಲೆ ಸದಾ ಒಂದು ಪಾತ್ರೆ ನೀರು. ಕೊಳಾಯಿಯ ನೀರು ಪೈಪಿನಲ್ಲೇ ಗಡ್ಡೆಯಾಗುವುದರಿಂದ ಹೆಂಗಸರು ದೂರದಿಂದ ಹೊತ್ತು ತರುತ್ತಾರೆ. ಇವರು ಉಳಿದುಕೊಂಡ ಮನೆಯಾಕೆ ಇವಳ ಕೈ ಹಿಡಿದು ನೋಡಿ, ಗವಸು ಬಿಚ್ಚಿಸಿ, ತನ್ನ ಕೈಯಲ್ಲಿಟ್ಟುಕೊಂಡೇ ಚಹಾ ಕುಡಿಸಿದಳಂತೆ. ಭಾಷೆ ಬರದಿದ್ದರೇನು, ಆಕೆಯೂ ಯಾರಿಗೋ ಅತ್ತೆಯಾಗಿರಬೇಕು.

ಬೈಕನ್ನು ಅವರು ಸಾಕುತ್ತಿದ್ದ ಬಗೆ ಕೇಳಿ ನನಗೆ ನಗು. ಮೈನಸ್ 18 ಡಿಗ್ರಿಗೆ ಹೋದರೆ ಬ್ಯಾಟರಿಯ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ರಾತ್ರಿ ಬ್ಯಾಟರಿ ಬಿಚ್ಚಿ ಒಳಗೆ ತಂದು ಕಂಬಳಿ ಸುತ್ತಿಡುವುದು. ಚಳಿಗಾಲದಲ್ಲಿ ಹೆಪ್ಪು ಹಾಕಿದ ಪಾತ್ರೆಗೆ ನಾವು ಟವಲ್ ಸುತ್ತಿಡುವುದಿಲ್ಲವೇ, ಹಾಗೆ. ಇಂಜಿನ್ ಆಯಿಲ್ಲೂ ನಮ್ಮ ಕೊಬ್ಬರಿ ಎಣ್ಣೆಯ ಜಾತಿಯದೇ, ಚಳಿಗೆ ದಪ್ಪವಾಗುತ್ತದೆ. ಡಬ್ಬಿಯ ಮೇಲೆ 10ಡಬ್ಲ್ಯು, 5ಡಬ್ಲ್ಯು ಎಂದು ಬರೆದಿರುತ್ತಾರಲ್ಲ, ಆ ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಿದ್ದಷ್ಟೂ ಚಳಿಯಲ್ಲಿ ಎಣ್ಣೆ ಸಲೀಸಾಗಿ ಹರಿಯುತ್ತದೆ. ಬೆಳಿಗ್ಗೆ ಗಾಡಿ ಚಾಲು ಮಾಡಿ, ಅಬ್ಬರಿಸದೆ, ಎಣ್ಣೆ ಎಲ್ಲ ಕಡೆ ಓಡುವವರೆಗೆ ನಿಧಾನವಾಗಿ ಗುರುಗುಟ್ಟಲು ಬಿಡಬೇಕು. ಪೆಟ್ರೋಲ್ ಅಲ್ಲಿಯ ಚಳಿಗೆ ಹೆಪ್ಪುಗಟ್ಟುವುದಿಲ್ಲ. ಆದರೆ ಟ್ಯಾಂಕಿನ ಖಾಲಿ ಜಾಗದಲ್ಲಿ ತೇವ ಕೂತು ನೀರಾಗಿ, ಆ ನೀರು ಗಡ್ಡೆಯಾಗಿ ದಾರಿ ಕಟ್ಟಬಹುದು. ಆದ್ದರಿಂದ ಸಂಜೆ ಟ್ಯಾಂಕು ತುಂಬಿಯೇ ಮಲಗುವುದು. ಮನೆಯ ಹಸುವಿಗೂ ನಾವು ಇಷ್ಟು ಮಾಡುತ್ತೇವೋ ಇಲ್ಲವೋ.

ಅಲ್ಲಿ ಕಷ್ಟ ಕೊಡುವುದು ಕಾಣುವ ಹಿಮಕ್ಕಿಂತ ಕಾಣದ ಗಡ್ಡೆ. ಹಗಲು ಬಿಸಿಲಿಗೆ ಕರಗಿದ ನೀರು ರಸ್ತೆಗೆ ಅಡ್ಡಲಾಗಿ ಹರಿದು, ರಾತ್ರಿ ಗಾಜಿನ ಹಾಳೆಯಾಗಿ ಕೂರುತ್ತದೆ. ಕೆಳಗಿನ ಮಣ್ಣು ಕಾಣುವುದರಿಂದ ಗಡ್ಡೆಯೆಂದೇ ತಿಳಿಯದು. ಅದಕ್ಕೇ ಬಿಸಿಲು ಬಿದ್ದ ಮೇಲೆ ಹೊರಟು ಮಧ್ಯಾಹ್ನ ಮೂರರೊಳಗೆ ಊರು ಸೇರುತ್ತಿದ್ದರು. ಆದರೂ ಅವಳು ನಾಲ್ಕು ಸಲ ಬಿದ್ದಳು. ನಡಿಗೆಯ ವೇಗದಲ್ಲಿ ಬಿದ್ದದ್ದರಿಂದ ಮೊಣಕೈ ನೀಲಿಗಟ್ಟಿದ್ದು ಬಿಟ್ಟರೆ ಏನೂ ಆಗಲಿಲ್ಲ. ಬಿದ್ದ ಬೈಕು ಸುಮಾರು 200 ಕೆ.ಜಿ., ಅಂದರೆ ನಾಲ್ಕು ಮೂಟೆ ಅಕ್ಕಿ. ಅದಕ್ಕೆ ಬೆನ್ನು ಕೊಟ್ಟು ಕೂತು, ಹ್ಯಾಂಡಲ್ ಒಂದು ಕೈಲಿ, ಹಿಂಬದಿಯ ಕಂಬಿ ಇನ್ನೊಂದು ಕೈಲಿ ಹಿಡಿದು, ಕಾಲಿನ ಬಲದಿಂದ ಹಿಂದಕ್ಕೆ ಹೆಜ್ಜೆ ಹಾಕುತ್ತ ಎಬ್ಬಿಸಬೇಕು. ಆ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಪಾಲು ಕಡಿಮೆ. ಒಮ್ಮೆ ಎತ್ತಿದರೆ ಐದು ನಿಮಿಷ ಏದುಸಿರು.

ಕಡೆಯ ಗುರಿ ಕೋಮಿಕ್. ದಾರಿಯಲ್ಲಿ ಸಿಗುವ ಹಿಕ್ಕಿಮ್‌ನಲ್ಲಿ ಸುಮಾರು 4,400 ಮೀಟರ್ ಎತ್ತರದ ಅಂಚೆ ಕಚೇರಿ 1983ರಿಂದ ಇದೆ. ಚಳಿಗಾಲದಲ್ಲಿ ಅದು ಮುಚ್ಚಿರುತ್ತದೆಂದು ಗೊತ್ತಿದ್ದೂ ಅದರ ಬಾಗಿಲ ಮುಂದೆ ನಿಂತು ನನಗಾಗಿ ಫೋಟೊ ತೆಗೆಸುತ್ತೇನೆಂದಿದ್ದಳು. ಲಾಂಗ್ಜಾವರೆಗೆ ಚೆನ್ನಾಗಿಯೇ ಹೋದರು. ಅಲ್ಲಿ ದೊಡ್ಡ ಬುದ್ಧನ ಮೂರ್ತಿ, ಹಿಂದೆ ಹಿಮಶಿಖರ, ಹಿಂದೊಮ್ಮೆ ಅದೆಲ್ಲ ಟೆಥಿಸ್ ಸಮುದ್ರದ ತಳವಾಗಿದ್ದದ್ದಕ್ಕೆ ಸಾಕ್ಷಿಯಾಗಿ ಅಲ್ಲಿಯ ಮಣ್ಣಿನಲ್ಲಿ ಸಮುದ್ರಜೀವಿಗಳ ಪಳೆಯುಳಿಕೆಗಳು ಸಿಗುತ್ತವೆ. ಲಾಂಗ್ಜಾ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿ ಎದ್ದಿತು, ಪುಡಿಹಿಮ ಹಾರತೊಡಗಿತು. ಅವಳ ಬಲಗೈಯ ಎರಡು ಬೆರಳಿಗೆ ಬ್ರೇಕಿನ ಹಿಡಿ ತಾಗುತ್ತಿದೆಯೋ ಇಲ್ಲವೋ ತಿಳಿಯದಾಯಿತು. ನಿಲ್ಲಿಸಿ ಗವಸು ತೆಗೆದು ನೋಡಿದರೆ ತುದಿ ಮೇಣದ ಹಾಗೆ ಬಿಳಿ. ಉಜ್ಜಬಾರದೆಂದು ಗೊತ್ತಿತ್ತು, ಕೈಯನ್ನು ಕಂಕುಳಲ್ಲಿ ಸೇರಿಸಿ ನಿಂತಳು. ಜೊತೆಯವರು ‘ಇನ್ನು ಸ್ವಲ್ಪವೇ ಇದೆ’ ಅಂದರಂತೆ. ನಿಜಕ್ಕೂ ಸ್ವಲ್ಪವೇ ಇತ್ತು. ಅವಳು ‘ನಾನು ಇಲ್ಲಿಂದ ಇಳೀತೀನಿ’ ಅಂದಳು. ಬೆರಳಿಗೆ ಪ್ರಜ್ಞೆ ಮರಳಿ, ಬೆಂಕಿ ಇಟ್ಟಂತೆ ಉರಿ ಶುರುವಾದ ಮೇಲೆ ಗಾಡಿ ತಿರುಗಿಸಿದಳು. ಇನ್ನೊಬ್ಬ ಹುಡುಗಿ ಅವಳ ಹಿಂದೆ ಬಂದಳು. ಸ್ವಲ್ಪ ಹೊತ್ತಿಗೆ ಉಳಿದವರೂ.

ಇಲ್ಲಿಗೆ ‘ಅವತ್ತು ಸಂಜೆ ಭಾರೀ ಹಿಮಪಾತವಾಯಿತು, ಮೇಲೆ ಹೋಗಿದ್ದರೆ ಗತಿಯೇನು’ ಎಂದು ಬರೆದರೆ ಕಥೆ ಚಂದವಾಗುತ್ತಿತ್ತು. ಹಾಗೇನೂ ಆಗಲಿಲ್ಲ. ಎರಡು ಗಂಟೆಯ ಹೊತ್ತಿಗೆ ಗಾಳಿ ನಿಂತು ಆಕಾಶ ತೊಳೆದಿಟ್ಟಂತೆ ತಿಳಿಯಾಯಿತಂತೆ. ಕಾಜಾದ ಒಲೆಯ ಮುಂದೆ ಕೂತು ಒಬ್ಬ ಹುಡುಗ ‘ಹೋಗಬಹುದಿತ್ತು’ ಎಂದು ಎರಡು ಸಲ ಹೇಳಿದನಂತೆ. ‘ನಿಂಗೆ ಬೇಜಾರಾಗ್ಲಿಲ್ವಾ?’ ಎಂದು ನಾನು ಕೇಳಿದೆ. ‘ಆಯ್ತು ಅತ್ತೆ, ತುಂಬ ಆಯ್ತು. ಆದ್ರೆ ಎರಡು ಗಂಟೆ ಆಕಾಶ ಹನ್ನೆರಡು ಗಂಟೆಗೆ ನಂಗೆ ಗೊತ್ತಿರ್ಲಿಲ್ಲ. ಹನ್ನೆರಡು ಗಂಟೆಗೆ ಗೊತ್ತಿದ್ದಿದ್ದು ನನ್ನ ಬೆರಳು ಮಾತ್ರ’ ಅಂದಳು.

ನಾವು ಹೆಣ್ಣುಮಕ್ಕಳಿಗೆ ‘ಹುಷಾರು’ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ನಮ್ಮ ಮನೆಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ‘ಹೋಗಬೇಡ’ ಎಂದೇ ಅರ್ಥ. ಹೆದರಿಕೆಯನ್ನೂ ಎಚ್ಚರಿಕೆಯನ್ನೂ ಒಂದೇ ಡಬ್ಬಿಯಲ್ಲಿ ಹಾಕಿಟ್ಟುಬಿಟ್ಟಿದ್ದೇವೆ. ಹೆದರಿಕೆಗೆ ಕಲಿಕೆ ಬೇಕಿಲ್ಲ, ಅದು ಮನೆಯಲ್ಲಿ ಕೂತವರಿಗೂ ಬರುತ್ತದೆ. ಆ ಮೂರು ದಿನ ನನಗೆ ಬಂದಿದ್ದು ಅದೇ. ಎಚ್ಚರಿಕೆಯನ್ನು ಮಾತ್ರ ಕಲಿಯಬೇಕು. ಕಾಲುಚೀಲ ಎಷ್ಟು ಸಡಿಲವಿರಬೇಕು, ಟ್ಯಾಂಕು ಯಾವಾಗ ತುಂಬಬೇಕು, ಯಾವ ಬೆರಳು ಬೆಳ್ಳಗಾದರೆ ಗಾಡಿ ತಿರುಗಿಸಬೇಕು, ಇವೆಲ್ಲ ಹೊರಗೆ ಹೊರಟವರಿಗೆ ಮಾತ್ರ ಬೇಕಾಗುವ ವಿದ್ಯೆ. ಕಲಿತವಳ ಬಾಯಲ್ಲಿ ಅದೇ ‘ಹುಷಾರು’ ಎಂಬ ಮಾತು ‘ಹೋಗು’ ಎನ್ನುತ್ತದೆ, ‘ಇಲ್ಲಿಗೆ ಸಾಕು’ ಎಂದೂ ಹೇಳಬಲ್ಲದು.

ದೊಡ್ಡಕ್ಕ ಯುಗಾದಿಗೆ ಬಂದವಳು ‘ಪೂರ್ತಿ ಮಾಡ್ಲಿಲ್ವಂತೆ ನಿನ್ನ ಸೊಸೆ, ಅರ್ಧಕ್ಕೇ ಬಂದ್ಲಂತೆ’ ಅಂದಳು. ಹೋಗುವುದೇ ಬೇಡ ಅಂದವಳೂ ಇವಳೇ! ನಾನು ಅವಳಿಗೆ ಹೇಳಿದೆ: ‘ಅಕ್ಕಾ, ನಮ್ಮ ಕಡೆ ಹೊರಡೋವಾಗ ಯಾರಾದ್ರೂ ‘ಹೋಗ್ತೀನಿ’ ಅಂತಾರಾ? ಅಂದ್ರೆ ಹಿರಿಯರು ಬಾಯಿ ಮುಚ್ಚಿಸ್ತಾರೆ. ‘ಹೋಗಿ ಬರ್ತೀನಿ’ ಅನ್ನಬೇಕು. ಅವಳು ಹೋದಳು, ಬಂದಳು. ಅದಕ್ಕಿಂತ ಪೂರ್ತಿ ಏನಿದೆ?’ ಅಕ್ಕ ಮಾತಾಡಲಿಲ್ಲ. ಸೊಸೆಯ ಬಲಗೈ ಹಿಡಿದು, ಆ ಎರಡು ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಚರ್ಮ ಸುಲಿದು ಹೊಸದು ಬಂದಿತ್ತು, ಮಗುವಿನ ಬೆರಳಿನ ಹಾಗೆ ನಸುಗೆಂಪು. ಆಮೇಲೆ, ಒಬ್ಬಟ್ಟಿಗೆ ತುಪ್ಪ ಬಡಿಸುತ್ತ, ‘ಮುಂದಿನ ಸಲ ಹೋಗುವಾಗ ನಂಗೆ ಹೇಳು, ಕೈಗೆ ದಪ್ಪ ಉಣ್ಣೆ ಗವಸು ನಾನೇ ಹೆಣೆದು ಕೊಡ್ತೀನಿ. ಅಂಗಡೀದು ಗಾಳಿ ಬಿಡುತ್ತೆ’ ಅಂದಳು.

ಕೋಮಿಕ್ ಇನ್ನೂ ಬಾಕಿ ಇದೆ. ಅಕ್ಕನ ಗವಸಿನಲ್ಲಿ ಎಡಗೈಯದು ಮುಗಿದಿದೆ.